ಮಕ್ಕಳ ಕಣ್ಣಿನ ಹನಿ: ತಿಳಿದು ಬಿಡೋಣ

ಯುಗಾದಿ ಕಳೆದು ಬಿಸಿಲೇರಿದಂತೆ ನಮ್ಮ ಭಾಗದಲ್ಲಿ ಜಾತ್ರೆಗಳ ಸಾಲು ಮೊದಲಾಗುತ್ತದೆ. ತೇರಿನ ಹಿಂದೆ ಏಳುವ ಧೂಳು, ಒಣಗಾಳಿ, ರಣಬಿಸಿಲು ಇವೆಲ್ಲವುಗಳ ಪೆಟ್ಟು ಮೊದಲು ತಗಲುವುದು ಮಕ್ಕಳ ಕಣ್ಣಿಗೆ. ಜಾತ್ರೆ ಮುಗಿದ ವಾರದಲ್ಲಿ ನಮ್ಮ ಚಿಕಿತ್ಸಾಲಯದ ಬಾಗಿಲಲ್ಲಿ ಕಣ್ಣುಜ್ಜಿಕೊಳ್ಳುತ್ತ ನಿಲ್ಲುವ ಮಕ್ಕಳ ಸಂಖ್ಯೆ ಹೆಚ್ಚುತ್ತದೆ. ಅವರ ತಾಯಿತಂದೆಗಳು ಹೇಳುವ ಮಾತು ಬಹುತೇಕ ಒಂದೇ: "ಮನ್ಯಾಗ ಕಣ್ಣಿನ ಹನಿ ಇತ್ರಿ, ಅದನ್ನ ಬಿಟ್ಟೇವಿ." ಯಾವ ಹನಿ, ಯಾರಿಗೆ ಕೊಟ್ಟದ್ದು, ಎಂದು ತೆರೆದದ್ದು ಎಂದು ಕೇಳಿದರೆ ಉತ್ತರ ದೊರೆಯುವುದು ವಿರಳ.

ಚುಚ್ಚುಮದ್ದೆಂದರೆ ನಾವೆಲ್ಲ ಅಂಜುತ್ತೇವೆ. ಗುಳಿಗೆಯೆಂದರೆ ಅರ್ಧ ಕೊಡಬೇಕೋ, ಕಾಲು ಕೊಡಬೇಕೋ ಎಂದು ವಿಚಾರಿಸುತ್ತೇವೆ. ಆದರೆ ಕಣ್ಣಿನ ಹನಿಯನ್ನು ಮಾತ್ರ ನೀರಿನಂತೆ ಭಾವಿಸುತ್ತೇವೆ. ಹೊಟ್ಟೆಗೆ ಹೋಗುವುದಿಲ್ಲ, ಮೇಲಿಂದ ಮೇಲೆ ತೊಳೆದು ಹೋಗುತ್ತದೆ, ಅದರಿಂದೇನು ಅಪಾಯ ಎಂಬ ಧೈರ್ಯ ನಮ್ಮಲ್ಲಿದೆ. ಈ ಧೈರ್ಯ ಎಲ್ಲಿ ತಪ್ಪುತ್ತದೆ ಎಂಬುದನ್ನು ಸದ್ಭಕ್ತರ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶ.

ಒಬ್ಬ ಬಾಲಕನ ಕಥೆ

ಕೆಲವು ವರ್ಷಗಳ ಹಿಂದಿನ ಮಾತು. ಹೆಸರು ಊರುಗಳು ಇಲ್ಲಿ ಬೇಡ. ಒಂದು ಒಕ್ಕಲುತನದ ಮನೆಯ ಅಜ್ಜಿ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದಿದ್ದರು. ಗಾಯ ಮಾಯಲು, ಉರಿಯೂತ ಇಳಿಯಲು ವೈದ್ಯರು ಅವರಿಗೆ ಕೆಲವು ವಾರಗಳ ಮಟ್ಟಿಗೆ ಹನಿ ಬರೆದುಕೊಟ್ಟಿದ್ದರು. ಅವರಿಗೆ ಗುಣವಾಯಿತು, ಸೀಸೆಯಲ್ಲಿ ಸ್ವಲ್ಪ ಔಷಧ ಉಳಿಯಿತು. ಆ ಬೇಸಿಗೆಯಲ್ಲಿ ಒಂಬತ್ತು ವರ್ಷದ ಮೊಮ್ಮಗನ ಕಣ್ಣು ಕೆಂಪಾಗಿ, ರಾತ್ರಿಯಿಡೀ ತುರಿಕೆಯಿಂದ ಅವನು ನರಳತೊಡಗಿದಾಗ, ಅಜ್ಜಿ ಅಕ್ಕರೆಯಿಂದ ತಮ್ಮ ಸೀಸೆಯ ಎರಡು ಹನಿಗಳನ್ನು ಅವನ ಕಣ್ಣಿಗೆ ಬಿಟ್ಟರು. ಮರುದಿನವೇ ಕಣ್ಣು ತಿಳಿಯಾಯಿತು. ಮನೆಯವರಿಗೆ ಅದು ಸಂಜೀವಿನಿಯಂತೆ ಕಂಡಿತು.

ಸೀಸೆ ಬರಿದಾದಾಗ ತಂದೆ ಅದರ ಪೆಟ್ಟಿಗೆಯನ್ನು ಔಷಧದ ಅಂಗಡಿಯಲ್ಲಿ ತೋರಿಸಿ ಮತ್ತೊಂದನ್ನು ತಂದರು. ಯಾರೂ ಚೀಟಿ ಕೇಳಲಿಲ್ಲ. ತುರಿಕೆ ಬಂದಾಗಲೆಲ್ಲ ಹನಿ, ಹನಿ ಬಿಟ್ಟಾಗಲೆಲ್ಲ ಗುಣ. ಹೀಗೆ ಸುಮಾರು ಎರಡು ವರ್ಷ ನಡೆಯಿತು.

ಆ ನಡುವೆ ಒಮ್ಮೆ ಅವರು ನಮ್ಮಲ್ಲಿಗೂ ಬಂದಿದ್ದರು. ನಾವು ಬಾಲಕನನ್ನು ಪರೀಕ್ಷಿಸಿ, ಆಹಾರ ವಿಹಾರಗಳನ್ನು ವಿಚಾರಿಸಿ, ಹೊಟ್ಟೆಗೆ ಔಷಧ ಕೊಟ್ಟು, ಧೂಳಿನಿಂದ ದೂರವಿರಲು ಹೇಳಿದೆವು. "ಹನಿನೂ ಹಾಕಾಕತ್ತೇವ್ರಿ" ಎಂದು ತಂದೆ ಹೇಳಿದಾಗ "ಆಗಲಿ" ಎಂದೆವು. ಅದು ಯಾವ ಹನಿ ಎಂದು ಕೇಳಲಿಲ್ಲ; ಸೀಸೆಯನ್ನು ತರಿಸಿ ನೋಡಲಿಲ್ಲ. ಆ ದಿನ ಆ ಒಂದು ಪ್ರಶ್ನೆಯನ್ನು ಕೇಳಿದ್ದರೆ ಒಂದು ವರ್ಷ ಮೊದಲೇ ಅನಾಹುತ ತಿಳಿಯುತ್ತಿತ್ತು. ಈ ಲೋಪ ನಮ್ಮದು. ಅದನ್ನು ಇಂದಿಗೂ ಮರೆತಿಲ್ಲ.

ಮರುವರ್ಷ ಶಾಲೆಯ ಶಿಕ್ಷಕಿಯೊಬ್ಬರು, ಬಾಲಕ ನಡೆಯುವಾಗ ಬಲಗಡೆಯ ಬೆಂಚುಗಳಿಗೆ ಎಡವುತ್ತಾನೆ ಎಂಬುದನ್ನು ಗಮನಿಸಿ ಮನೆಗೆ ತಿಳಿಸಿದರು. ನೇತ್ರತಜ್ಞರು ಪರೀಕ್ಷಿಸಿದಾಗ, ಸಾಮಾನ್ಯವಾಗಿ ಪಾದರಸದ 10ರಿಂದ 21 ಮಿಲಿಮೀಟರಿನೊಳಗೆ ಇರಬೇಕಾದ ಕಣ್ಣಿನ ಒತ್ತಡ ಅದರ ಎರಡರಷ್ಟಾಗಿತ್ತು. ಬಲಗಣ್ಣಿನ ನರ ಬಹುಪಾಲು ಸವೆದಿತ್ತು. ಎರಡೂ ಕಣ್ಣಿನಲ್ಲಿ ಪೊರೆ ಮೊಳೆತಿತ್ತು. ಹನ್ನೊಂದು ವರ್ಷದ ಮಗುವಿಗೆ ಅಜ್ಜಿಯ ಕಾಯಿಲೆ! ಕಾರಣ ಆ ಸೀಸೆಯಲ್ಲಿದ್ದ ಸ್ಟೀರಾಯ್ಡ್. ಶಸ್ತ್ರಚಿಕಿತ್ಸೆಯಿಂದ ಉಳಿದ ದೃಷ್ಟಿ ಉಳಿಯಿತು, ಹೋದದ್ದು ಮರಳಲಿಲ್ಲ.

ಅಂದು ತಂದೆ ನಮ್ಮೆದುರು ಕುಳಿತು ಕೇಳಿದ ಮಾತು ಇದು: "ಸಾಹೇಬ್ರ, ಕಣ್ಣಿಗೆ ಹಾಕೋ ಔಷಧಾನ ಕಣ್ಣು ತಿಂತದೇನ್ರಿ?" ಆ ಪ್ರಶ್ನೆಗೆ ಅಂದು ಕೊಡಲಾಗದ ಪೂರ್ಣ ಉತ್ತರವನ್ನು ಇಲ್ಲಿ ಕೊಡಲು ಯತ್ನಿಸುತ್ತೇವೆ.

ಹನಿಯು ಕಣ್ಣಿನಲ್ಲಷ್ಟೇ ನಿಲ್ಲುವುದಿಲ್ಲ

ಕಣ್ಣಿಗೆ ಹನಿ ಬಿಡುವ ಚಿಕಿತ್ಸೆ ನಮ್ಮ ದೇಶಕ್ಕೆ ಹೊಸದಲ್ಲ. ಆಯುರ್ವೇದದಲ್ಲಿ ಇದಕ್ಕೆ ಆಶ್ಚ್ಯೋತನ ಎಂದು ಹೆಸರು. ವಾಗ್ಭಟಾಚಾರ್ಯರ ಅಷ್ಟಾಂಗಹೃದಯದ ಸೂತ್ರಸ್ಥಾನದಲ್ಲಿ 23ನೆಯ ಅಧ್ಯಾಯವು ಆಶ್ಚ್ಯೋತನ ಮತ್ತು ಅಂಜನಗಳಿಗೆ ಮೀಸಲಾಗಿದೆ. ಅಲ್ಲಿ ಆಚಾರ್ಯರು ಔಷಧದ ಗುಣವನ್ನು ಮಾತ್ರ ಹೇಳಿ ಸುಮ್ಮನಾಗಿಲ್ಲ, ದೋಷವನ್ನೂ ಹೇಳಿದ್ದಾರೆ. ಅತಿ ಉಷ್ಣವೂ ತೀಕ್ಷ್ಣವೂ ಆದ ಹನಿ ನೋವು, ಕೆಂಪು ಮತ್ತು ದೃಷ್ಟಿನಾಶಕ್ಕೆ ಕಾರಣವಾಗುತ್ತದೆ. ಅತಿ ಶೀತವಾದದ್ದು ಚುಚ್ಚುವ ನೋವನ್ನೂ ಬಿಗಿತವನ್ನೂ ತರುತ್ತದೆ. ಪ್ರಮಾಣ ಹೆಚ್ಚಾದರೆ ಕಣ್ಣು ತೆರೆಯುವುದೇ ಕಷ್ಟವಾಗುತ್ತದೆ. ಕಡಿಮೆಯಾದರೆ ರೋಗ ಬಲಿಯುತ್ತದೆ. ಸರಿಯಾಗಿ ಸೋಸದ ಔಷಧ ಕಣ್ಣನ್ನು ಕೆರಳಿಸುತ್ತದೆ ಎಂಬುದು ಅವರ ಎಚ್ಚರಿಕೆಯ ಸಾರ. ಕಣ್ಣಿನ ಔಷಧದಿಂದ ಕಣ್ಣೇ ಹೋಗಬಹುದೆಂಬುದನ್ನು ನಮ್ಮ ಪೂರ್ವಾಚಾರ್ಯರು ಸ್ಪಷ್ಟವಾಗಿ ಅರಿತಿದ್ದರು.

ಅದೇ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ. ಕಣ್ಣಿನಲ್ಲಿಟ್ಟ ಔಷಧವು ಶಿರಸ್ಸು, ಮೂಗು, ಬಾಯಿಗಳ ಸ್ರೋತಸ್ಸುಗಳನ್ನು ಸೇರುತ್ತದೆ ಎಂಬುದು ಅದರ ಭಾವ. ಇಂದಿನ ಶರೀರಶಾಸ್ತ್ರವೂ ಇದಕ್ಕೆ ಹೊಂದುವ ವಿವರಣೆಯನ್ನೇ ಕೊಡುತ್ತದೆ. ರೆಪ್ಪೆಗಳ ಒಳಮೂಲೆಯಲ್ಲಿ ಸೂಜಿಮೊನೆಯಷ್ಟು ಸಣ್ಣ ರಂಧ್ರಗಳಿವೆ. ಅಲ್ಲಿಂದ ಅಶ್ರುನಾಳವು ಮೂಗಿನೊಳಕ್ಕೆ ಇಳಿಯುತ್ತದೆ. ಅತ್ತಾಗ ಮೂಗು ಸೋರುವುದು, ಹನಿ ಬಿಟ್ಟ ಮೇಲೆ ಗಂಟಲು ಕಹಿಯಾಗುವುದು ಇದೇ ದಾರಿಯಿಂದ. ಮೂಗಿನ ಒಳಪೊರೆಯಲ್ಲಿ ರಕ್ತನಾಳಗಳು ದಟ್ಟವಾಗಿರುವುದರಿಂದ ಅಲ್ಲಿಗೆ ತಲುಪಿದ ಔಷಧ ಬೇಗನೆ ರಕ್ತವನ್ನು ಸೇರುತ್ತದೆ. ಗುಳಿಗೆಯ ಔಷಧ ಮೊದಲು ಯಕೃತ್ತಿನ ಮೂಲಕ ಹಾದು ತನ್ನ ಬಲವನ್ನು ಕೊಂಚ ಕಳೆದುಕೊಳ್ಳುತ್ತದೆ. ಈ ದಾರಿಯಿಂದ ಹೋದ ಔಷಧಕ್ಕೆ ಆ ತಡೆಯೂ ಇಲ್ಲ.

ಈಗ ಪ್ರಮಾಣವನ್ನು ನೋಡೋಣ. ಸೀಸೆಯಿಂದ ಬೀಳುವ ಒಂದು ಹನಿ ಸುಮಾರು 30ರಿಂದ 50 ಮೈಕ್ರೋಲೀಟರ್ ಇರುತ್ತದೆ. ಕಣ್ಣಿನಲ್ಲಿ ಸಹಜವಾಗಿರುವ ಕಣ್ಣೀರು ಸುಮಾರು 7 ಮೈಕ್ರೋಲೀಟರ್ ಮಾತ್ರ. ಹನಿಯ ಹೆಚ್ಚಿನ ಭಾಗ ಒಂದೋ ಕೆನ್ನೆಗೆ ಹರಿಯುತ್ತದೆ, ಇಲ್ಲವೇ ಮೂಗಿಗೆ ಇಳಿಯುತ್ತದೆ. ಆದ್ದರಿಂದ ಎರಡನೆಯ ಹನಿ ಬಿಟ್ಟರೆ ಕಣ್ಣಿಗೆ ಹೆಚ್ಚು ಗುಣವಾಗುವುದಿಲ್ಲ, ದೇಹಕ್ಕೆ ಮಾತ್ರ ಹೆಚ್ಚು ಔಷಧ ಹೋಗುತ್ತದೆ. ಮೂರು ಕಿಲೋ ತೂಗುವ ಶಿಶುವಿನ ಮೈಯಲ್ಲಿರುವ ರಕ್ತ ಸುಮಾರು 240 ಮಿಲಿಲೀಟರ್. ದೊಡ್ಡವರಲ್ಲಿ ಸುಮಾರು 5 ಲೀಟರ್. ಆದರೆ ಸೀಸೆಯ ಮೂತಿ ಇಬ್ಬರಿಗೂ ಒಂದೇ ಗಾತ್ರದ ಹನಿಯನ್ನು ಬಿಡುತ್ತದೆ. ದೊಡ್ಡವರ ಹನಿ ಮಗುವಿಗೆ ಏಕೆ ಹೆಚ್ಚಾಗುತ್ತದೆ ಎಂಬುದು ಈ ಲೆಕ್ಕದಿಂದಲೇ ತಿಳಿಯುತ್ತದೆ.

ಬೇಗ ಗುಣ, ಬಹುಕಾಲದ ಹಾನಿ

ಮೇಲೆ ಹೇಳಿದ ಬಾಲಕನಿಗಿದ್ದದ್ದು ಅಲರ್ಜಿಯಿಂದ ಬರುವ ಕಣ್ಣುಬೇನೆ. ಬಿಸಿಲು ಮತ್ತು ಒಣಹವೆಯ ಪ್ರದೇಶಗಳಲ್ಲಿ ಇದು ಹೆಚ್ಚು. ಗಂಡುಮಕ್ಕಳಲ್ಲಿ ಅಧಿಕ, ಬಹುತೇಕ ಹತ್ತು ವರ್ಷದೊಳಗೆ ಆರಂಭವಾಗಿ ಹರೆಯ ಬಂದ ಮೇಲೆ ತಾನಾಗಿ ತಗ್ಗುತ್ತದೆ. ತಡೆಯಲಾಗದ ತುರಿಕೆ, ಬೆಳಕು ಸಹಿಸದಿರುವುದು, ನೂಲಿನಂತೆ ಎಳೆಯುವ ಪಿಚ್ಚು ಇದರ ಲಕ್ಷಣಗಳು. ಕಾಯಿಲೆ ಅನೇಕ ವರ್ಷ ಋತುವಿನೊಡನೆ ಬಂದುಹೋಗುವುದರಿಂದಲೇ ಹನಿಯೂ ವರ್ಷಗಟ್ಟಲೆ ಮುಂದುವರಿಯುತ್ತದೆ.

ಸ್ಟೀರಾಯ್ಡ್ ಹನಿ ಈ ತುರಿಕೆಯನ್ನು ಬಹುಬೇಗ ಇಳಿಸುತ್ತದೆ. ಅದರ ಅಪಾಯವಿರುವುದೂ ಆ ವೇಗದಲ್ಲೇ. ಕಣ್ಣಿನೊಳಗಿನ ದ್ರವ ಹೊರಹರಿಯುವ ಜಾಲರಿಯನ್ನು ಸ್ಟೀರಾಯ್ಡ್ ಕೆಲವರಲ್ಲಿ ಬಿಗಿಗೊಳಿಸುತ್ತದೆ. ಆಗ ಒತ್ತಡ ಏರಿ ದೃಷ್ಟಿನರವನ್ನು ಅದುಮುತ್ತದೆ. ಇದೇ ಗ್ಲಾಕೋಮಾ. ಮಕ್ಕಳಲ್ಲಿ ಈ ಏರಿಕೆ ದೊಡ್ಡವರಿಗಿಂತ ಬೇಗ ಮತ್ತು ಹೆಚ್ಚು ಆಗಬಹುದು. ಕೆಲವೇ ವಾರಗಳು ಸಾಕು. ನೋವಿರುವುದಿಲ್ಲ, ಕಣ್ಣು ಹೊರಗೆ ತಿಳಿಯಾಗಿಯೇ ಕಾಣುತ್ತದೆ, ಮಗು ಏನೂ ಹೇಳುವುದಿಲ್ಲ. ದೃಷ್ಟಿ ಮೊದಲು ಅಂಚುಗಳಿಂದ ಸವೆಯುವುದರಿಂದ ಓದುಬರಹಕ್ಕೆ ತೊಂದರೆ ಕಾಣಿಸದು. ಔಷಧ ನಿಲ್ಲಿಸಿದ ಮೇಲೆ ಒತ್ತಡ ಅನೇಕರಲ್ಲಿ ಇಳಿಯುತ್ತದೆ, ಆದರೆ ಸತ್ತ ನರ ಮತ್ತೆ ಚಿಗುರುವುದಿಲ್ಲ. ಇದಲ್ಲದೆ ದೀರ್ಘಬಳಕೆಯಿಂದ ಮಸೂರಕ್ಕೆ ಪೊರೆ ಬರುತ್ತದೆ. ಕಣ್ಣಿಗೆ ಶಿಲೀಂಧ್ರದ ಅಥವಾ ಹರ್ಪಿಸ್ ವೈರಾಣುವಿನ ಹುಣ್ಣಾಗಿರುವಾಗ ಸ್ಟೀರಾಯ್ಡ್ ಬಿಟ್ಟರೆ ಹುಣ್ಣು ಒಳಗೊಳಗೇ ಹರಡುತ್ತದೆ. ಕಬ್ಬಿನ ಗರಿ, ಜೋಳದ ತೆನೆ ತಗಲಿ ಕೆಂಪಾದ ಕಣ್ಣಿಗೆ ಮನೆಯಲ್ಲಿದ್ದ ಹನಿ ಬಿಡುವುದು ಈ ಕಾರಣದಿಂದ ಬಹು ಅಪಾಯಕರ.

ಸೀಸೆಯ ಮೇಲೆ ಡೆಕ್ಸಾಮೆಥಸೋನ್, ಬೀಟಾಮೆಥಸೋನ್, ಪ್ರೆಡ್ನಿಸೊಲೋನ್, ಫ್ಲೋರೋಮೆಥೊಲೋನ್, ಲೋಟೆಪ್ರೆಡ್ನಾಲ್ ಎಂಬ ಹೆಸರುಗಳಲ್ಲಿ ಯಾವುದಾದರೂ ಇದ್ದರೆ ಅದು ಸ್ಟೀರಾಯ್ಡ್. ಕೊನೆಯ ಎರಡು ಸೌಮ್ಯವೆನಿಸಿದರೂ ಪೂರ್ಣ ನಿರಪಾಯವಲ್ಲ. ಆ್ಯಂಟಿಬಯೋಟಿಕ್ ಹನಿಗಳಲ್ಲಿಯೂ ಸ್ಟೀರಾಯ್ಡ್ ಬೆರೆಸಿದ ಬಗೆಗಳಿವೆ. ಎರಡರ ವ್ಯಾಪಾರಿ ಹೆಸರಿನಲ್ಲಿ ಒಂದೇ ಅಕ್ಷರದ ಅಂತರವಿರಬಹುದು. ಆದ್ದರಿಂದ ದೊಡ್ಡಕ್ಷರದ ಹೆಸರನ್ನಲ್ಲ, ಅದರ ಕೆಳಗಿನ ಸಣ್ಣಕ್ಷರದ ಘಟಕಗಳನ್ನು ಓದಬೇಕು. 1945ರ ಔಷಧ ನಿಯಮಗಳ ಷೆಡ್ಯೂಲ್ ಎಚ್ ಪಟ್ಟಿಯಲ್ಲಿರುವ ಇಂಥ ಔಷಧಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಪೆಟ್ಟಿಗೆಯ ಮೇಲಿನ ಕೆಂಪು ಗೆರೆ ಹೇಳುವುದೂ ಇದನ್ನೇ.

ಹಾಗೆಂದು ಸ್ಟೀರಾಯ್ಡ್ ಕೆಟ್ಟ ಔಷಧವೆಂದು ನಾವು ಹೇಳುತ್ತಿಲ್ಲ. ಕಣ್ಣಿನೊಳಗಿನ ಉರಿಯೂತ, ಶಸ್ತ್ರಚಿಕಿತ್ಸೆಯ ನಂತರದ ಬಾವು ಮುಂತಾದ ಸಂದರ್ಭಗಳಲ್ಲಿ ಅದು ದೃಷ್ಟಿಯನ್ನು ಉಳಿಸುತ್ತದೆ. ತೀವ್ರವಾದ ಅಲರ್ಜಿಯಲ್ಲಿಯೂ ತಜ್ಞರು ಕೆಲವು ದಿನ ಕೊಟ್ಟು, ಒತ್ತಡವನ್ನು ಅಳೆಯುತ್ತ, ಕ್ರಮವಾಗಿ ಇಳಿಸುತ್ತಾರೆ. ಅದು ಚಿಕಿತ್ಸೆ. ಅದೇ ಸೀಸೆಯನ್ನು ನಾವು ಮತ್ತೆ ಮತ್ತೆ ಕೊಂಡು ತರುವುದು ಚಿಕಿತ್ಸೆಯಲ್ಲ. ಈ ಲೇಖನವನ್ನು ಓದಿ, ವೈದ್ಯರು ಬರೆದ ಹನಿಯನ್ನು ಹಠಾತ್ತಾಗಿ ಯಾರೂ ನಿಲ್ಲಿಸಬಾರದು. ಅನುಮಾನವಿದ್ದರೆ ಬರೆದವರನ್ನೇ ಕಾಣಬೇಕು.

ಉಳಿದ ಹನಿಗಳ ವಿಷಯ

ಪಾಪೆಯನ್ನು ಹಿಗ್ಗಿಸುವ ಅಟ್ರೋಪಿನ್ ಹನಿಯನ್ನು ಮೆಳ್ಳಗಣ್ಣು, ಕನ್ನಡಕದ ಪರೀಕ್ಷೆ, ಉರಿಯೂತಗಳಲ್ಲಿ ಬಳಸುತ್ತಾರೆ. ಇದು ದತ್ತೂರಿ ಗಿಡದ ವಿಷಾಂಶದ ಬಳಗಕ್ಕೆ ಸೇರಿದ್ದು. ಶೇ. 1ರ ಅಟ್ರೋಪಿನ್‌ನ ಒಂದು ದೊಡ್ಡ ಹನಿಯಲ್ಲಿ ಅರ್ಧ ಮಿಲಿಗ್ರಾಂ ಔಷಧವಿರುತ್ತದೆ. ಹತ್ತು ಕಿಲೋ ತೂಕದ ಮಗುವಿಗೆ ಚುಚ್ಚುಮದ್ದಾಗಿ ಕೊಡುವ ಸಾಮಾನ್ಯ ಪ್ರಮಾಣ ಸುಮಾರು 0.2 ಮಿಲಿಗ್ರಾಂ. ಹನಿಯೆಲ್ಲ ರಕ್ತಕ್ಕೆ ಸೇರುವುದಿಲ್ಲವಾದರೂ, ಹೇಳಿದ್ದಕ್ಕಿಂತ ಹೆಚ್ಚು ಬಿಟ್ಟರೆ ಮುಖ ಕೆಂಪಾಗುವುದು, ಬೆವರಿಲ್ಲದೆ ಮೈ ಬಿಸಿಯೇರುವುದು, ಬಾಯಿ ಒಣಗುವುದು, ನಾಡಿ ವೇಗವಾಗುವುದು, ಮಗು ತಡವರಿಸಿ ಮಾತಾಡುವುದು ಕಾಣಬಹುದು. ಇದೇ ಕೆಲಸಕ್ಕೆ ಬಳಸುವ ಸೈಕ್ಲೋಪೆಂಟೊಲೇಟ್ ಹನಿಯಿಂದ ಕೆಲ ಮಕ್ಕಳು ಕೆಲ ಗಂಟೆ ಮಂಕಾಗಬಹುದು, ಅಸಂಬದ್ಧವಾಗಿ ಮಾತಾಡಬಹುದು. ಬೇಸಿಗೆಯಲ್ಲಿ ಅಟ್ರೋಪಿನ್ ಬಿಡುತ್ತಿರುವ ಮಗುವನ್ನು ಬಿಸಿಲಲ್ಲಿ ಆಡಲು ಬಿಡಬಾರದು.

ಈಚೆಗೆ ಮಕ್ಕಳ ಸಮೀಪದೃಷ್ಟಿ ಏರದಂತೆ ತಡೆಯಲು ಶೇ. 0.01ರಿಂದ 0.05ರಷ್ಟು ದುರ್ಬಲ ಅಟ್ರೋಪಿನ್ ಹನಿಯನ್ನು ತಜ್ಞರು ಬರೆಯುತ್ತಿದ್ದಾರೆ. ಈ ಪ್ರಮಾಣದಲ್ಲಿ ತೊಂದರೆಗಳು ಅಲ್ಪ. ಬೆಳಕು ಚುಚ್ಚುವುದು, ಹತ್ತಿರದ ಅಕ್ಷರ ಮಸುಕಾಗುವುದು ಇರಬಹುದು. ಆದರೆ ಶೇ. 0.01ಕ್ಕೂ ಶೇ. 1ಕ್ಕೂ ನೂರು ಪಟ್ಟು ಅಂತರವಿದೆ. ಅಂಗಡಿಯಲ್ಲಿ ಒಂದರ ಬದಲು ಇನ್ನೊಂದು ಕೈಗೆ ಬರದಂತೆ ಸಂಖ್ಯೆಯನ್ನು ಕಣ್ಣಾರೆ ನೋಡಿಯೇ ತರಬೇಕು.

ಅಜ್ಜ ಅಜ್ಜಿಯರು ಗ್ಲಾಕೋಮಾಕ್ಕೆಂದು ಬಳಸುವ ಹನಿಗಳು ಮಕ್ಕಳ ಕೈಗೆ ಸಿಗಲೇಬಾರದು. ಅವುಗಳಲ್ಲಿ ಟಿಮೊಲಾಲ್ ಎಂಬುದು ದಮ್ಮು ಇರುವ ಮಗುವಿನ ಉಸಿರನ್ನು ಕಟ್ಟಿಸಬಲ್ಲದು, ಎದೆಬಡಿತವನ್ನು ನಿಧಾನಗೊಳಿಸಬಲ್ಲದು. ಬ್ರಿಮೊನಿಡಿನ್ ಅನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಬಳಸುವಂತೆಯೇ ಇಲ್ಲ. ಮಗು ಜೋಂಪಿಗೆ ಜಾರಿ ಉಸಿರಾಟವೇ ನಿಲ್ಲಬಹುದು.

ಕೆಂಪನ್ನು ಕ್ಷಣದಲ್ಲಿ ತೆಗೆಯುವ ನ್ಯಾಫಜೋಲಿನ್ ಮೊದಲಾದ ಹನಿಗಳು ರಕ್ತನಾಳಗಳನ್ನು ಕುಗ್ಗಿಸುತ್ತವೆ, ರೋಗವನ್ನು ಕಳೆಯುವುದಿಲ್ಲ. ನಿಲ್ಲಿಸಿದೊಡನೆ ಕೆಂಪು ಮತ್ತೆ ಮರಳುತ್ತದೆ. ಆಟವಾಡುವ ಕೂಸು ಈ ಸೀಸೆಯನ್ನು ಚೀಪಿ ಕುಡಿದರಂತೂ ಬಲು ಅಪಾಯ. 1ರಿಂದ 2 ಮಿಲಿಲೀಟರಿನಷ್ಟು ಹೊಟ್ಟೆಗೆ ಹೋದರೂ ಸಣ್ಣ ಮಕ್ಕಳು ಪ್ರಜ್ಞೆ ತಪ್ಪಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2012ರಲ್ಲಿ ಎಚ್ಚರಿಸಿದೆ. ಇನ್ನು ಆ್ಯಂಟಿಬಯೋಟಿಕ್ ಹನಿಗಳಿಂದ ಸಾಮಾನ್ಯವಾಗಿ ಉರಿ, ಕೆಲವೊಮ್ಮೆ ರೆಪ್ಪೆಯ ಅಲರ್ಜಿ ಉಂಟಾಗಬಹುದು. ವೈರಾಣುವಿನಿಂದ ಕಣ್ಣು ಬಂದಾಗ ಅವು ಕೆಲಸ ಮಾಡುವುದಿಲ್ಲ. ವೃಥಾ ಬಳಕೆಯಿಂದ ರೋಗಾಣುಗಳು ಮಾತ್ರ ಔಷಧಕ್ಕೆ ಬಗ್ಗದಂತಾಗುತ್ತವೆ.

ಮನೆಮದ್ದು ನಿರಪಾಯವೇ?

ಆಯುರ್ವೇದ ವೈದ್ಯರಾದ ನಮ್ಮನ್ನು ಅನೇಕರು ಕೇಳುವುದುಂಟು: "ಇಂಗ್ಲಿಷ್ ಔಷಧ ಬ್ಯಾಡ್ರಿ, ಜೇನುತುಪ್ಪ ಹಾಕಬಹುದಲ್ರಿ?" ನಮ್ಮ ಉತ್ತರ, ಮಕ್ಕಳ ಕಣ್ಣಿಗೆ ಮನೆಯಲ್ಲಿ ತಯಾರಿಸಿದ ಯಾವ ದ್ರವವನ್ನೂ ಬಿಡಬಾರದು ಎಂಬುದೇ. ಜೇನುತುಪ್ಪ, ಉಳ್ಳಾಗಡ್ಡಿಯ ರಸ, ನಂದಿಬಟ್ಟಲ ಹೂವಿನ ರಸ, ಎದೆಹಾಲು, ಎರೆಯುವಾಗ ಹಾಕುವ ಹರಳೆಣ್ಣೆ, ಮನೆಯಲ್ಲಿ ಕುದಿಸಿದ ತ್ರಿಫಲಾ ಕಷಾಯ ಇವುಗಳಲ್ಲಿ ಯಾವುದೂ ರೋಗಾಣುರಹಿತವಲ್ಲ. ಗ್ರಂಥದಲ್ಲಿ ತ್ರಿಫಲೆ ನೇತ್ರ್ಯವೆಂದು ಹೇಳಿರುವುದು ನಿಜ. ಆದರೆ ಅದೇ ಗ್ರಂಥ ಸೋಸದ ಔಷಧವನ್ನು ದೋಷವೆಂದೂ ಹೇಳಿದೆ. ಅರ್ಧ ವಾಕ್ಯವನ್ನು ಮಾತ್ರ ಓದುವುದು ಶಾಸ್ತ್ರಕ್ಕೆ ಮಾಡುವ ಗೌರವವಲ್ಲ. ಸುರ್ಮಾದಂಥ ಕೆಲವು ಅಂಜನಗಳಲ್ಲಿ ಸೀಸದ ಅಂಶವಿರುತ್ತದೆ. ಅದು ಮಗುವಿನ ಮಿದುಳಿನ ಬೆಳವಣಿಗೆಗೆ ಮಾರಕ. ಪೂಜೆಗೆ ಎಕ್ಕೆಯ ಹೂ ಬಿಡಿಸುವ ಮಕ್ಕಳು ಅದರ ಹಾಲು ತಗುಲಿದ ಕೈಯಿಂದ ಕಣ್ಣುಜ್ಜಿದರೆ ನೋವಿಲ್ಲದೆಯೇ ದೃಷ್ಟಿ ಮಸುಕಾಗಬಹುದು. ಕೂಡಲೇ ಶುದ್ಧ ನೀರಿನಿಂದ ಬಹುಹೊತ್ತು ತೊಳೆದು ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಸಿದ್ಧವಾಗಿ ಸಿಗುವ ಆಯುರ್ವೇದದ ಹನಿಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಕರ್ಪೂರ, ಪುದೀನ ಸತ್ವ, ಜೇನು ಸೇರಿದ ಹನಿ ತೀಕ್ಷ್ಣವಾಗಿರುತ್ತದೆ. ಉರಿದು ನೀರು ಸುರಿದರೆ ಕಣ್ಣು ಶುದ್ಧವಾಯಿತೆಂಬುದು ತಪ್ಪುತಿಳಿವಳಿಕೆ. ಮಕ್ಕಳಿಗೆ ವೈದ್ಯರ ಸಲಹೆಯಿಲ್ಲದೆ ಅವೂ ಬೇಡ.

ಶುದ್ಧತೆಯ ಮಾತು ಎಷ್ಟು ಮುಖ್ಯವೆಂಬುದಕ್ಕೆ ಈಚಿನ ಒಂದು ನಿದರ್ಶನ ಸಾಕು. 2022–23ರಲ್ಲಿ ಅಮೆರಿಕದ 18 ರಾಜ್ಯಗಳಲ್ಲಿ 81 ಜನರಿಗೆ ಔಷಧಕ್ಕೆ ಬಗ್ಗದ ರೋಗಾಣುವಿನ ಸೋಂಕು ತಗುಲಿತು. ಮೂಲ ಹುಡುಕಿದಾಗ ಸಿಕ್ಕಿದ್ದು ನಮ್ಮ ದೇಶದಲ್ಲೇ ತಯಾರಾದ, ಬರೀ ಕೃತಕ ಕಣ್ಣೀರಿನ ಹನಿ. 14 ಜನ ದೃಷ್ಟಿ ಕಳೆದುಕೊಂಡರು, ನಾಲ್ವರು ತೀರಿಕೊಂಡರು. ಕಾರ್ಖಾನೆಯ ಸೀಸೆಯೇ ಮಲಿನವಾದರೆ ಇಷ್ಟಾಗುವಾಗ, ಅಡುಗೆಮನೆಯ ಬಟ್ಟಲಿನ ಗತಿಯೇನು?

ಹಾಗಾದರೆ ತುರಿಸುವ ಕಣ್ಣಿಗೆ ಮನೆಯಲ್ಲಿ ಮಾಡಬಹುದಾದುದೇನು? ಸ್ವಚ್ಛ ಬಟ್ಟೆಯನ್ನು ತಣ್ಣೀರಿನಲ್ಲಿ ಹಿಂಡಿ ಮುಚ್ಚಿದ ರೆಪ್ಪೆಗಳ ಮೇಲೆ ಹತ್ತು ನಿಮಿಷ ಇಡುವುದು. ಹೊರಗೆ ಹೋಗುವಾಗ ಟೊಪ್ಪಿಗೆ, ಸಾದಾ ಕನ್ನಡಕ. ಆಡಿ ಬಂದೊಡನೆ ಕೈಮುಖ ತೊಳೆಸುವುದು. ದಿಂಬಿನ ಹೊದಿಕೆಯನ್ನು ಬಿಸಿಲಿಗೊಡ್ಡುವುದು. ಎಲ್ಲಕ್ಕಿಂತ ಮಿಗಿಲಾಗಿ ಕಣ್ಣುಜ್ಜುವುದನ್ನು ಬಿಡಿಸಬೇಕು. ವರ್ಷಗಟ್ಟಲೆ ಉಜ್ಜಿದರೆ ಕಣ್ಣಿನ ಪಾರದರ್ಶಕ ಪಟಲವೇ ಶಂಕುವಿನಂತೆ ಉಬ್ಬಿ ದೃಷ್ಟಿ ಕೆಡಬಹುದು. ಇಷ್ಟಕ್ಕೂ ತಗ್ಗದಿದ್ದರೆ ಸ್ಟೀರಾಯ್ಡ್ ಇಲ್ಲದ ಅಲರ್ಜಿಯ ಹನಿಗಳಿವೆ. ವೈದ್ಯರು ಆಯ್ದು ಕೊಡುತ್ತಾರೆ. ಅವು ನಿಧಾನವಾಗಿ ಕೆಲಸ ಮಾಡುತ್ತವೆ. ಆ ನಿಧಾನವನ್ನು ತಾಳಿಕೊಳ್ಳಬೇಕು.

ಹನಿ ಬಿಡುವ ಕ್ರಮ

ಮೊದಲು ಕೈ ತೊಳೆಯಬೇಕು. ಸೀಸೆಯ ಹೆಸರು, ಅವಧಿ, ಯಾವ ಕಣ್ಣು ಎಂಬುದನ್ನು ಪ್ರತಿಸಲವೂ ಓದಬೇಕು. ಕಿವಿಯ ಹನಿಯ ಸೀಸೆ, ಅಂಟಿನ ಸೀಸೆಗಳೂ ಹೀಗೆಯೇ ಕಾಣುತ್ತವೆ. ಅವನ್ನು ಒಂದೇ ಗೂಡಿನಲ್ಲಿ ಇಡಬಾರದು.

ಹೆದರುವ ಮಗುವನ್ನು ಅದುಮಿ ಹಿಡಿದು ರೆಪ್ಪೆ ಎಳೆಯುವ ಅಗತ್ಯವಿಲ್ಲ. ಅಂಗಾತ ಮಲಗಿಸಿ, ಕಣ್ಣು ಮುಚ್ಚಿಕೊಳ್ಳಲು ಹೇಳಿ, ಮೂಗಿನ ಪಕ್ಕದ ಒಳಮೂಲೆಯಲ್ಲಿ ಒಂದು ಹನಿ ಇಟ್ಟರೆ ಸಾಕು. ಮಗು ಕಣ್ಣು ತೆರೆದೊಡನೆ ಹನಿ ತಾನಾಗಿ ಒಳಗಿಳಿಯುತ್ತದೆ. ವಾಗ್ಭಟರು ಹೇಳಿದ್ದೂ ಒಳಮೂಲೆಯನ್ನೇ, ಎರಡು ಅಂಗುಲ ಮೇಲಿನಿಂದ. ಸೀಸೆಯ ಮೂತಿ ರೆಪ್ಪೆಗೆ ತಾಗದಿರಲೆಂಬ ಇಂದಿನ ನಿಯಮವೂ ಇದರಿಂದ ಪಾಲನೆಯಾಗುತ್ತದೆ.

ಹನಿ ಬಿಟ್ಟ ಮೇಲೆ ಕಣ್ಣು ಮುಚ್ಚಿಸಿ, ಒಳಮೂಲೆಯನ್ನು ಶುದ್ಧ ಬೆರಳಿನಿಂದ ಎರಡು ಮೂರು ನಿಮಿಷ ಮೆಲ್ಲಗೆ ಒತ್ತಿ ಹಿಡಿಯಬೇಕು. ಇದರಿಂದ ಔಷಧ ಮೂಗಿಗೆ ಇಳಿಯುವುದು ತಗ್ಗುತ್ತದೆ. ಕೆನ್ನೆಗೆ ಹರಿದದ್ದನ್ನು ಒರೆಸಬೇಕು. ಇಲ್ಲದಿದ್ದರೆ ಮಗು ಕೈಯಿಂದ ಮುಟ್ಟಿ ಬಾಯಿಗಿಡುತ್ತದೆ. ಎರಡು ಬಗೆಯ ಹನಿಗಳಿದ್ದರೆ ನಡುವೆ ಐದು ನಿಮಿಷದ ಅಂತರವಿರಲಿ. ಸೀಸೆ ತೆರೆದ ದಿನಾಂಕವನ್ನು ಅದರ ಮೇಲೆಯೇ ಬರೆದು, ಬೇರೆ ಸೂಚನೆ ಇಲ್ಲದಿದ್ದರೆ 28 ದಿನಗಳಾದ ಮೇಲೆ ಚೆಲ್ಲಿಬಿಡಬೇಕು. ಪೆಟ್ಟಿಗೆಯ ಮೇಲಿನ ಅವಧಿ ಮುಚ್ಚಿದ ಸೀಸೆಗೆ ಮಾತ್ರ. ಒಬ್ಬರ ಸೀಸೆ ಇನ್ನೊಬ್ಬರಿಗೆ ಬೇಡ, ಒಡಹುಟ್ಟಿದವರಾದರೂ ಬೇಡ.

ತಡಮಾಡಬಾರದ ಸಂದರ್ಭಗಳು

ಹುಟ್ಟಿದ ಮೊದಲ ತಿಂಗಳಲ್ಲಿ ಕಣ್ಣು ಊದಿ ಕೀವು ಸುರಿದರೆ ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು. ಕೂಸಿನ ಕಣ್ಣಿನಲ್ಲಿ ಬರೀ ನೀರು ಬರುತ್ತಿದ್ದರೆ ಅಶ್ರುನಾಳ ತೆರೆಯದಿರಬಹುದು. ಬಹುಪಾಲು ಮಕ್ಕಳಲ್ಲಿ ಇದು ವರ್ಷದೊಳಗೆ ಸರಿಹೋಗುತ್ತದೆ, ಹನಿಯ ಮೇಲೆ ಹನಿ ಬೇಕಾಗುವುದಿಲ್ಲ. ಆದರೆ ನೀರಿನೊಡನೆ ಕಣ್ಣುಗುಡ್ಡೆ ದೊಡ್ಡದಾಗಿ ಮಸುಕಾಗಿ ಕಂಡರೆ, ಪಾಪೆ ಬೆಳ್ಳಗೆ ಹೊಳೆದರೆ, ಕಪ್ಪುಗುಡ್ಡೆಯ ಮೇಲೆ ಬಿಳಿ ಚುಕ್ಕೆ ಮೂಡಿದರೆ, ನೋವಿದ್ದರೆ, ಮಗು ಬೆಳಕಿಗೆ ಮುಖ ಮುಚ್ಚಿಕೊಂಡರೆ, ದೃಷ್ಟಿ ತಗ್ಗಿದರೆ ಅಥವಾ ಕಣ್ಣಿಗೆ ಪೆಟ್ಟಾಗಿದ್ದರೆ ಮನೆಯಲ್ಲಿ ಯಾವ ಹನಿಯನ್ನೂ ಬಿಡದೆ ನೇತ್ರತಜ್ಞರಲ್ಲಿಗೆ ಹೋಗಬೇಕು.

ಹನಿ ಬಿಟ್ಟ ನಂತರ ಮಗು ಅತಿಯಾಗಿ ತೂಕಡಿಸಿದರೆ, ಉಸಿರು ನಿಧಾನವಾದರೆ, ಮೈ ಕೆಂಪೇರಿ ಜ್ವರ ಬಂದರೆ, ಅಸಂಬದ್ಧವಾಗಿ ಮಾತಾಡಿದರೆ, ಅಥವಾ ಸೀಸೆಯ ಔಷಧವನ್ನು ಕುಡಿದಿದ್ದರೆ, ವಾಂತಿ ಮಾಡಿಸುವ ಯತ್ನಕ್ಕಿಳಿಯದೆ ಸೀಸೆಯ ಸಮೇತ ಆಸ್ಪತ್ರೆಗೆ ಧಾವಿಸಬೇಕು.

ಸೀಸೆಯನ್ನು ಜೊತೆಗೆ ತನ್ನಿ

ಆ ಬಾಲಕ ಈಗ ಕಾಲೇಜಿನಲ್ಲಿ ಓದುತ್ತಿದ್ದಾನೆ. ಬಲಗಡೆಯಿಂದ ಬರುವ ಬೈಕು ಅವನಿಗೆ ಕಾಣುವುದಿಲ್ಲವಾದ್ದರಿಂದ ರಸ್ತೆ ದಾಟುವಾಗ ಗೆಳೆಯನ ತೋಳು ಹಿಡಿಯುತ್ತಾನೆ. ಅವನ ಅಜ್ಜಿ ಕೊನೆಯವರೆಗೂ ತಮ್ಮನ್ನು ತಾವು ಕ್ಷಮಿಸಿಕೊಳ್ಳಲಿಲ್ಲ. ಆ ತಾಯಿಯ ತಪ್ಪು ಅಕ್ಕರೆಯದು. ಸೀಸೆಯಲ್ಲಿ ಏನಿದೆಯೆಂದು ಹೇಳಬೇಕಾದವರು, ಮಾರುವಾಗ ಚೀಟಿ ಕೇಳಬೇಕಾದವರು, ಕಂಡಾಗ ಪ್ರಶ್ನಿಸಬೇಕಾದ ನಾವು ಎಲ್ಲರೂ ಮೌನವಾಗಿದ್ದೆವು.

ಅಂದಿನಿಂದ ನಮ್ಮ ಚಿಕಿತ್ಸಾಲಯದಲ್ಲಿ ಒಂದು ನಿಯಮ ಮಾಡಿಕೊಂಡಿದ್ದೇವೆ. ಕಣ್ಣಿನ ತೊಂದರೆಯೆಂದು ಯಾರೇ ಬಂದರೂ, ಮನೆಯಲ್ಲಿರುವ ಎಲ್ಲ ಹನಿಗಳ ಸೀಸೆಗಳನ್ನು ಮೇಜಿನ ಮೇಲೆ ಇಟ್ಟ ನಂತರವೇ ಮುಂದಿನ ಮಾತು. ಎಷ್ಟೋ ಸಲ ಆ ಸೀಸೆಗಳೇ ರೋಗದ ಕಾರಣವನ್ನು ಹೇಳುತ್ತವೆ. ಸದ್ಭಕ್ತರಲ್ಲಿ ನಮ್ಮ ವಿನಂತಿಯೂ ಇಷ್ಟೇ. ಈ ಸಂಚಿಕೆಯನ್ನು ಓದಿ ಮುಗಿಸಿದ ಮೇಲೆ ಮನೆಯ ಗೂಡು, ಕಪಾಟು, ದೇವರ ಜಗುಲಿಯ ಪಕ್ಕ ಎಲ್ಲೆಲ್ಲಿ ಕಣ್ಣಿನ ಹನಿಗಳಿವೆಯೋ ಹುಡುಕಿ ತೆಗೆಯಿರಿ. ತೆರೆದು ತಿಂಗಳಾದದ್ದನ್ನು ಚೆಲ್ಲಿರಿ. ಹಿರಿಯರ ಸೀಸೆಯ ಮೇಲೆ ಅವರ ಹೆಸರು ಬರೆದು ಎತ್ತರದಲ್ಲಿಡಿ. ಮಗುವಿಗೆ ತಿಂಗಳಿಗಿಂತ ಹೆಚ್ಚು ಕಾಲದಿಂದ ಯಾವುದಾದರೂ ಹನಿ ಬಿಡುತ್ತಿದ್ದರೆ, ಅದು ಎಷ್ಟೇ ಗುಣ ಕೊಡುತ್ತಿರಲಿ, ಸೀಸೆಯನ್ನು ಹಿಡಿದು ನೇತ್ರತಜ್ಞರಲ್ಲಿಗೆ ಹೋಗಿ ಕಣ್ಣಿನ ಒತ್ತಡವನ್ನು ಅಳೆಯಿಸಿರಿ. ಆ ಪರೀಕ್ಷೆಗೆ ಕೆಲವೇ ನಿಮಿಷ ಸಾಕು.